ಅಪ್‌ಡೇಟ್: ಸೇಂಟ್ ಪಾಲ್ಸ್ ಹತ್ತಿರ ಶಾಂತವಾದ ಪಾರ್ಕ್ ಸಿಕ್ಕಿತು

ಲಂಡನ್ನಿನ ಸೇಂಟ್ ಪಾಲ್ಸ್ ಕೆಥೀಡ್ರಲ್ ನೋಡಿದ ಮೇಲೆ ಅಮ್ಮ ಆರಾಮಾಗಿ ಕೂರಲು ಹಳೆಯ, ಗದ್ದಲವಿಲ್ಲದ ಪಾರ್ಕ್ ಕೇಳಿದ್ದೆ ಅಲ್ವಾ? ಪೋಸ್ಟ್‌ಮನ್ಸ್ ಪಾರ್ಕ್ ಅಂದವರಿಗೆ ತುಂಬಾ ಥ್ಯಾಂಕ್ಸ್. ನಡೆದೇ ಹೋದೆವು, ದೂರವೇ ಇಲ್ಲ. ಅಲ್ಲೇ ಹತ್ತಿರ ಇರುವ ಕ್ರೈಸ್ಟ್‌ಚರ್ಚ್ ಗ್ರೇಫ್ರಯರ್ಸ್ ತೋಟವೂ ಚೆಂದ, ಆದರೆ ರಸ್ತೆ ಪಕ್ಕದಲ್ಲೇ ಇದೆ, ವಾಹನಗಳ ಸದ್ದು ಜಾಸ್ತಿ. ಪೋಸ್ಟ್‌ಮನ್ಸ್ ಪಾರ್ಕಿಗೆ ಮಧ್ಯಾಹ್ನ ಮಾತ್ರ ಹೋಗಬೇಡಿ. ಆಫೀಸಿನವರು ಊಟಕ್ಕೆ ಬರುತ್ತಾರೆ, ಬೆಂಚು ಸಿಗುವುದು ಕಷ್ಟ.

ನನಗೆ ಗೊತ್ತೇ ಇರದಿದ್ದದ್ದು ಅಲ್ಲಿನ ಫಲಕಗಳ ಗೋಡೆ. ಬೇರೆಯವರನ್ನು ಉಳಿಸಲು ಹೋಗಿ ಪ್ರಾಣ ಬಿಟ್ಟ ಸಾಮಾನ್ಯ ಜನರ ನೆನಪಿಗೆ ಕಲಾವಿದ ಜಿ. ಎಫ್. ವಾಟ್ಸ್ ಮಾಡಿಸಿದ್ದು, 1900ರಲ್ಲಿ ಶುರುವಾಯಿತು. 1885ರಲ್ಲಿ ಉರಿಯುವ ಮನೆಯಿಂದ ಮೂರು ಮಕ್ಕಳನ್ನು ಉಳಿಸಿ ತಾನು ತೀರಿಕೊಂಡ ಆಲಿಸ್ ಏಯರ್ಸ್ ಹೆಸರಿನ ಮುಂದೆ ಅಮ್ಮ ತುಂಬಾ ಹೊತ್ತು ನಿಂತರು. 2009ರಲ್ಲೂ ಒಂದು ಫಲಕ ಸೇರಿಸಿದ್ದಾರೆ. ಗೋಡೆಗೆ ಮಾಡು ಇದೆ, ಮಳೆ ಬಂದರೂ ನಿಂತು ಓದಬಹುದು.