ಟ್ವಿಟರ್‌ನ (ಈಗಿನ ಎಕ್ಸ್) ಹಳೇ ಪೋಸ್ಟ್‌ಗಳನ್ನ ಇಳಿಸಿಕೊಳ್ಳೋದು ಹೇಗೆ? ಇಷ್ಟು ಹಾಳಾಗಿದ್ದಾದರೂ ಯಾಕೆ?

ಶಾಸನಪ್ರಿಯ:
ಶಾಸನದ ಫೋಟೊ, ಅದರ ಓದು ಇರೋ ಹಳೇ ಖಾತೆ. ಈಗ ಯಾವ ಪೋಸ್ಟ್ ತೆಗೆದರೂ ಮೇಲಿನ ಉತ್ತರಗಳೆಲ್ಲ ನೀಲಿ ಟಿಕ್‌ನವರದ್ದು. ವಿಷಯ ಬಲ್ಲವರ ಮಾತು ಎಲ್ಲೋ ಕೆಳಗೆ. ಮಸ್ಕ್ ಕೊಂಡ ಮೇಲೆ ಬದಲಾಗಿದ್ದೇನು? ಖಾತೆ ಮುಚ್ಚೋಕೆ ಮುಂಚೆ ಎಲ್ಲ ಉಳಿಸಿಕೊಳ್ಳೋದು ಹೇಗೆ?

ಲೆಕ್ಕಪತ್ರ:
ಟಿಕ್ ಮಾರಾಟಕ್ಕೆ ಬಿದ್ದಿದ್ದೇ ಮೂಲ ಕಾರಣ. 2022ರ ಅಕ್ಟೋಬರ್ 27ರಂದು 44 ಬಿಲಿಯನ್ ಡಾಲರ್‌ಗೆ ಕಂಪನಿ ಕೈಬದಲಾಯ್ತು. ಅದರಲ್ಲಿ ಸುಮಾರು 13 ಬಿಲಿಯನ್ ಸಾಲ, ಅದನ್ನ ತೀರಿಸಬೇಕಾಗಿದ್ದು ಟ್ವಿಟರ್ ಕಂಪನಿಯೇ. ಬಡ್ಡಿಗೆ ದುಡ್ಡು ಬೇಕಲ್ಲ, ನವೆಂಬರ್‌ನಲ್ಲೇ ತಿಂಗಳಿಗೆ 8 ಡಾಲರ್ ಕೊಟ್ಟವರಿಗೆಲ್ಲ ಟಿಕ್. ‘ಈ ಖಾತೆ ಇವರದ್ದೇ’ ಅನ್ನೋ ಖಾತ್ರಿ ಅಲ್ಲಿಗೆ ಮುಗೀತು. ಎಲಿ ಲಿಲ್ಲಿ ಔಷಧ ಕಂಪನಿಯ ಹೆಸರಲ್ಲಿ ಟಿಕ್ ಪಡೆದ ನಕಲಿ ಖಾತೆ ‘ಇನ್ಸುಲಿನ್ ಉಚಿತ’ ಅಂತ ಬರೆದು, ಅಸಲಿ ಕಂಪನಿ ಕ್ಷಮೆ ಕೇಳಬೇಕಾಯ್ತು. ಜಾಹೀರಾತು ಕೊಡೋರು ಅದಕ್ಕೂ ಮುಂಚೆಯೇ ಹಿಂದೆ ಸರಿಯೋಕೆ ಶುರುಮಾಡಿದ್ದರು. ಚಂದಾ ಕಟ್ಟಿದವರ ಉತ್ತರಕ್ಕೆ ಮೇಲಿನ ಜಾಗ ಅಂತ ನಿಯಮವೇ ಇದೆ, ನಿಮ್ಮ ಭ್ರಮೆಯಲ್ಲ.

ಕೋಡು_ಕೊಂಬೆ:
ನನ್ನ ಪ್ರಕಾರ ಎಪಿಐ (ಹೊರಗಿನ ಆ್ಯಪ್‌, ಪ್ರೋಗ್ರಾಂಗಳು ಟ್ವಿಟರ್ ಜೊತೆ ಮಾತಾಡೋ ದಾರಿ) ಮುಚ್ಚಿದ್ದು ಅದಕ್ಕಿಂತ ದೊಡ್ಡ ಹೊಡೆತ. 2023ರ ಜನವರಿಯಲ್ಲಿ ಟ್ವೀಟ್‌ಬಾಟ್‌ನಂಥ ಹೊರಗಿನ ಆ್ಯಪ್‌ಗಳನ್ನ ಏಕಾಏಕಿ ಕಡಿದರು. ಆಮೇಲೆ ಎಪಿಐಗೂ ಶುಲ್ಕ. ಹವಾಮಾನ, ಭೂಕಂಪದ ಸೂಚನೆಯನ್ನ ತಾವಾಗೇ ಪೋಸ್ಟ್ ಮಾಡ್ತಿದ್ದ ಬಾಟ್‌ಗಳಿಗೂ ಸಂಶೋಧಕರಿಗೂ ಅದು ಕುತ್ತಾಯ್ತು. ಜುಲೈನಲ್ಲಿ ಟಿಕ್ ಇಲ್ಲದವರಿಗೆ ದಿನಕ್ಕೆ 600 ಪೋಸ್ಟ್ ಓದುವ ಮಿತಿ ಬೇರೆ ಹಾಕಿದ್ದರು.

ಇಳಿಸಿಕೊಳ್ಳೋಕೆ: ಸೆಟ್ಟಿಂಗ್ಸ್‌ನಲ್ಲಿ ‘ಯುವರ್ ಅಕೌಂಟ್’, ಅದರೊಳಗೆ ‘ಡೌನ್‌ಲೋಡ್ ಆ್ಯನ್ ಆರ್ಕೈವ್’. ಪಾಸ್‌ವರ್ಡ್ ಕೊಟ್ಟು ಕೋರಿಕೆ ಹಾಕಿ. ಜಿಪ್ ತಯಾರಾಗೋಕೆ ಒಂದು ದಿನ, ಕೆಲವೊಮ್ಮೆ ಹೆಚ್ಚೂ ಆಗುತ್ತೆ. ಪೋಸ್ಟ್‌ಗಳು ‘ಡೇಟಾ’ ಫೋಲ್ಡರಿನ ಟ್ವೀಟ್ಸ್.ಜೆಎಸ್ ಫೈಲಿನಲ್ಲಿರುತ್ತವೆ. ಅದನ್ನ ಪ್ರೋಗ್ರಾಂನಿಂದ ನೇರ ಜೆಸನ್ (ದತ್ತಾಂಶ ಬರೆದಿಡೋ ಒಂದು ಫೈಲ್ ಮಾದರಿ) ಅಂತ ಓದಿಸಿದರೆ ಎರರ್ ಬರುತ್ತೆ: ಮೊದಲ ಸಾಲಿನಲ್ಲಿ ಚೌಕ ಆವರಣಕ್ಕೂ ಹಿಂದಿರುವ ‘ವಿಂಡೋ...’ ಭಾಗವನ್ನ, ಸಮ ಚಿಹ್ನೆ ಸಮೇತ, ಅಳಿಸಿ.

ಶಾಸನಪ್ರಿಯ:
ಲಿಂಕ್‌ಗಳೆಲ್ಲ ಟಿ.ಕೋ (ಟ್ವಿಟರ್ ತಾನೇ ಮಾಡೋ ಚಿಕ್ಕ ವಿಳಾಸ) ಅಂತಲೇ ಇವೆಯಲ್ಲ, ಮುಂದೆ ಆ ಸೇವೆ ನಿಂತರೆ?

ಕೋಡು_ಕೊಂಬೆ:
ಅದೇ ಫೈಲಿನಲ್ಲಿ ಪ್ರತಿ ಪೋಸ್ಟ್‌ನ ‘ಎಕ್ಸ್‌ಪಾಂಡೆಡ್ ಯುಆರ್‌ಎಲ್’ ಅನ್ನೋ ಕಡೆ ಅಸಲಿ ವಿಳಾಸ ಇರುತ್ತೆ. ಸಣ್ಣ ಸ್ಕ್ರಿಪ್ಟ್ ಬರೆದು ಈಗಲೇ ಬದಲಾಯಿಸಿಕೊಳ್ಳಿ. ನಿಮ್ಮ ಶಾಸನಗಳಿಗೆ ಬೇರೆಯವರು ಕೊಟ್ಟ ಪಾಠಾಂತರ, ತಿದ್ದುಪಡಿ ಮಾತ್ರ ಜಿಪ್‌ನಲ್ಲಿ ಬರೋದಿಲ್ಲ; ಮುಖ್ಯವಾದ ಪುಟಗಳನ್ನ ಒಂದೊಂದಾಗಿ ಪಿಡಿಎಫ್ ಮಾಡಿಟ್ಟುಕೊಳ್ಳಬೇಕು.

ಲೆಕ್ಕಪತ್ರ:
ಅದನ್ನ ಇವತ್ತೇ ಶುರುಮಾಡಿ. ಕನ್ನಡದಿಂದಲೇ ಆರಂಭವಾದ, ಟ್ವಿಟರ್‌ನಂಥದ್ದೇ ಬೆಂಗಳೂರಿನ ‘ಕೂ’ ಆ್ಯಪ್ ಕೂಡ 2024ರಲ್ಲಿ ಬಾಗಿಲು ಹಾಕಿತು. ಜಿಪ್ ತೆರೆದು ಫೋಟೊಗಳೆಲ್ಲ ಬಂದಿವೆಯಾ ನೋಡದೆ ಖಾತೆ ಮುಚ್ಚಬೇಡಿ. ಡಿಆ್ಯಕ್ಟಿವೇಟ್ ಮಾಡಿದ ಮೇಲೆ ಮನಸ್ಸು ಬದಲಾಯಿಸೋಕೆ ಸಿಗೋದು 30 ದಿನ.