ಸಹಾಯ ಬೇಕು: ವರ್ಷ ನಮೂದಿಸದ ಕ್ವಿಯರ್ ಕರಪತ್ರಗಳ ಕಾಲ ಗುರುತಿಸಲು

ನಮಸ್ಕಾರ. ಬೆಂಗಳೂರಿನ ಕ್ವಿಯರ್ (ಲೈಂಗಿಕ ಮತ್ತು ಲಿಂಗತ್ವ ಅಲ್ಪಸಂಖ್ಯಾತರ) ಚಳವಳಿಯ ಹಳೇ ಕರಪತ್ರ, ಪೋಸ್ಟರ್‌ಗಳನ್ನು ಸ್ಕ್ಯಾನ್ ಮಾಡಿ ಪಟ್ಟಿ ಮಾಡುತ್ತಿದ್ದೇವೆ. ಬಹುಪಾಲು ಕರಪತ್ರಗಳಲ್ಲಿ ದಿನ, ತಿಂಗಳು ಇವೆ, ವರ್ಷವೇ ಇಲ್ಲ. ಕಾಲ ಪತ್ತೆ ಮಾಡಲು ಕೈಜೋಡಿಸುವವರು ಬೇಕು.

ಏಳಂಕಿಯ ಲ್ಯಾಂಡ್‌ಲೈನ್ ನಂಬರ್ ಇದ್ದರೆ 2000ದ ದಶಕದ ಆರಂಭದ್ದು ಅಥವಾ ಅದಕ್ಕೂ ಹಿಂದಿನದು. ಬೆಂಗಳೂರು ಪ್ರೈಡ್ ಮೆರವಣಿಗೆಯ ಕರೆಯಾದರೆ 2008 ಅಥವಾ ಆಮೇಲಿನದು. ಕರ್ನಾಟಕ ಪೊಲೀಸ್ ಕಾಯ್ದೆಯ 36ಎ (ಟ್ರಾನ್ಸ್‌ಜೆಂಡರ್ ಸಮುದಾಯದ ಮೇಲೆ ನಿಗಾ ಇಡಲು ಪೊಲೀಸರಿಗೆ ಅಧಿಕಾರ ಕೊಟ್ಟ ಕಲಂ) ವಿರುದ್ಧದ ಘೋಷಣೆಯಿದ್ದರೆ 2011ಕ್ಕಿಂತ ಮುಂಚಿನದಲ್ಲ. ಎಲ್ಲರೂ ಎಡವುವುದು 377ರಲ್ಲಿ, ಅಂದರೆ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಐಪಿಸಿ (ಭಾರತೀಯ ದಂಡ ಸಂಹಿತೆ) ಕಲಮಿನಲ್ಲಿ. ಅದು ಅಪರಾಧವಲ್ಲ ಎಂದ 2009ರ ಜುಲೈ 2ರ ದೆಹಲಿ ಹೈಕೋರ್ಟ್ ತೀರ್ಪನ್ನು ಸುಪ್ರೀಂ ಕೋರ್ಟ್ 2013ರ ಡಿಸೆಂಬರ್ 11ರಂದು ತಳ್ಳಿಹಾಕಿತು. ಮತ್ತೆ ಬಿಡುಗಡೆ ಸಿಕ್ಕಿದ್ದು 2018ರ ಸೆಪ್ಟೆಂಬರ್ 6ಕ್ಕೆ. ಹಾಗಾಗಿ ‘377 ರದ್ದಾಗಲಿ’ ಎಂಬ ಸಾಲು 2009ಕ್ಕೆ ಮೊದಲಿನದೂ ಇರಬಹುದು, 2013ರ ನಂತರದ್ದೂ ಇರಬಹುದು.

ವಾರ, ತಾರೀಖು ಎರಡೂ ಇದ್ದರೆ ಕ್ಯಾಲೆಂಡರ್‌ನಲ್ಲಿ ತಾಳೆ ನೋಡಿ. ಅದೇ ಜೋಡಿ 5, 6 ಅಥವಾ 11 ವರ್ಷಕ್ಕೆ ಮರಳಿ ಬರುವುದರಿಂದ ಇನ್ನೊಂದು ಸುಳಿವು ಬೇಕೇ ಬೇಕು.

ನಿಮ್ಮ ಬಳಿ ಕಾಗದಗಳಿದ್ದರೆ 600 ಡಿಪಿಐನಲ್ಲಿ ಎರಡೂ ಬದಿ ಸ್ಕ್ಯಾನ್ ಮಾಡಿ. ಅಂಚು ಕತ್ತರಿಸಬೇಡಿ, ಮುದ್ರಣಾಲಯದ ಹೆಸರು ಅಲ್ಲೇ ಇರುತ್ತದೆ. ಹಳೇ ಸೆಲೋಟೇಪ್ ಕೀಳಬೇಡಿ, ಶಾಯಿಯೂ ಕಿತ್ತು ಬರುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳಿಸಿ. ಫೋಟೋ ಆಗಿ ಕಳಿಸಿದರೆ ಸಣ್ಣ ಅಕ್ಷರ ಕಲಸಿಹೋಗುತ್ತದೆ.

ಮುಖ ಕಾಣುವ ಚಿತ್ರಗಳನ್ನು ಗುಂಪಿನಲ್ಲಿ ಹಾಕಬೇಡಿ. ತಾವು ಕ್ವಿಯರ್ ಎಂದು ಮನೆಯಲ್ಲಿ ಇನ್ನೂ ಹೇಳಿಕೊಳ್ಳದವರು ಅದರಲ್ಲಿರಬಹುದು. ಹಳೇ ಕನ್ನಡ ಪತ್ರಿಕೆಗಳ ಕಡತ ನೋಡಬಲ್ಲವರು ದಯವಿಟ್ಟು ಕೆಳಗೆ ತಿಳಿಸಿ.