ನಾಯಿಕೊಡಿ ತಿನ್ನೂದು ಹೆಂಡಿ, ಗಿಡಾ ಅಲ್ಲ

ಕೇಳವಾ. ಕೆಲಗೇರಿ ಹೊಲದಾಗ ಹೊಸಾ ಆಪೂಸ ಮಾವಿನ ಸಸಿ ಬುಡಕ್ಕ ನಾಯಿಕೊಡಿ ಎದ್ದಾವು, ಗಿಡಾ ಹೋಗತೈತೇನು ದೊಡ್ಡಪ್ಪಾ ಅಂತ ಮನಿ ವಾಟ್ಸಾಪ್ ಗ್ರುಪ್ಪಿನ್ಯಾಗ ಫೋಟೋ ಹಾಕೀಯಲ್ಲ, ನೋಡಿದೆ. ತೆಳ್ಳನ ಬೂದಿ ಬಣ್ಣದ ಕೊಡಿ, ಮುಂಜಾನೆ ಅರಳಿ ಸಂಜಿಗೆ ಕರೀ ಶಾಯಿ ಆಗಿ ಸೋರ್ತಾವು, ಹೌದಿಲ್ಲೋ? ಅವು ನೀ ಬುಡಕ್ಕ ಹಾಕಿದ ಹೆಂಡ್ಯಾಗಿನವು. ಮಾವು ಎಲಿ ಬಿಸಲಿಗೆ ಹಿಡದು ತನ್ನ ಅಡಗಿ ತಾನ ಮಾಡ್ಕೋತೈತಿ. ಇದು ಹೆಂಡ್ಯಾಗ ಉಳದ ಹುಲ್ಲಿನ ನಾರು ಕರಗಿಸಿ ತಿಂತೈತಿ. ಮ್ಯಾಲ ಕಾಣೂ ಕೊಡಿ ಅಂದ್ರ ಮಾವಿನ ಹಣ್ಣಿದ್ದಂಗ, ಗಿಡಾ ಅನ್ನೂದು ಒಳಗಿನ ಬಿಳೀ ನೂಲು. ಹಣ್ಣು ಹರದ್ರ ಗಿಡಾ ಸಾಯ್ತೈತೇನು? ಮಾವಿನ ವಾಟಿ ಪೂರಾ ಒಣಗಿದ್ರ ಹುಟ್ಟೂದಿಲ್ಲ, ಇದರ ಬೀಜದ ಪುಡಿ ಹುಲ್ಲಿನ ಜೋಡಿ ಎತ್ತಿನ ಹೊಟ್ಟಿ ಹೊಕ್ಕು ಜೀವಂತ ಹೊರಗ ಬರ್ತೈತಿ.

ಹಸಿ ಹೆಂಡಿ ಬುಡಕ್ಕ ತಾಗಿಸಬ್ಯಾಡ. ನಿಮ್ಮ ಕಾಕಾನೂ ನಾನೂ ಮೊದಲ ತ್ವಾಟಾ ಹಾಕಿದಾಗ ಐದು ಕಸಿ ಸಸಿ ಹೋದ್ವು. ದಿನಾ ಎದ್ದು ಕೊಡಿ ಕೀಳೂದ ಆಗಿತ್ತು. ತಪ್ಪು ಹೆಂಡೀದು: ಹಸೀದು ಕೊಳೀಮುಂದ ಕಾವು ಏಳತೈತಿ, ಅಮೋನಿಯಾ ಬಿಡತೈತಿ, ಎಳೀ ಬೇರು ಸುಡತೈತಿ, ಮಳಿಗೆ ತೋದು ಬುಡಕ್ಕ ಅಂಟಿಕೊಂಡ್ರ ತೊಗಟಿ ಕೊಳೀತೈತಿ, ಗೊಣ್ಣಿಹುಳಾನೂ ಬರ್ತಾವು. ಎಲಿ ತುದಿ ಒಣಗಿದ ಮ್ಯಾಲ ಕೆದರಿ ನೋಡಿದ್ರ ತೊಗಟಿ ಕೈಗೆ ಬಂತು. ಮತ್ತ ಹೇಳ್ತೀನಿ, ಹಸಿ ಹೆಂಡಿ ಬುಡಕ್ಕ ಬ್ಯಾಡ.

ಆಗ ನಮಗ ಹೆಂಡಿ ತಂದು ಹಾಕಿದ ಟ್ರಾಲಿಯಂವಾ ಎರಡು ವರ್ಷದ ತಿಪ್ಪಿಗೊಬ್ಬರ ಅಂತ ರೊಕ್ಕಾ ತಗೊಂಡಿದ್ದ. ಮ್ಯಾಲೊಂದು ಗೇಣು ಕರೀ ಪುಡಿ, ಕೆಳಗೆಲ್ಲಾ ಹಸೀದು. ಮನ್ಯಾಗ ನಾಕು ಎಮ್ಮಿ ಇದ್ದಾಗ ಹೆಂಡಿ ಕೊಂಡು ತರೂ ಗತಿ ಇತ್ತೇನು? ವಾಸನಿ ಅಂತ ಎಮ್ಮಿ ಮಾರಿದವರು ಈ ಗ್ರುಪ್ಪಿನ್ಯಾಗ ಅದಾರ, ದಿನಾ ಗುಡ್ ಮಾರ್ನಿಂಗ್ ಹೂವಾ ಕಳಸ್ತಾರ. ಇರಲಿ.

ಹಾಂ, ನೀ ಕೇಳಿದ್ದು. ಇವತ್ತ ಹೆಂಡಿ ಬುಡದಿಂದ ಒಂದು ಫೂಟು ದೂರ ಕೈಲೆ ಸರಸು, ಕುರಪಿ ಹಚ್ಚಬ್ಯಾಡ, ತೊಗಟಿಗೆ ಗಾಯಾ ಆಗತೈತಿ. ಕಸಿ ಗಂಟು, ಅಂದ್ರ ಕಸಿ ಕಟ್ಟಿದ ಜಾಗಾ, ಮಣ್ಣಿನ ಮ್ಯಾಲ ಕಾಣಬೇಕು. ಉಳದ ಹೆಂಡಿ ನೆರಳಾಗ ಗುಂಪಿ ಹಾಕಿ 15 ದಿನಕ್ಕೊಮ್ಮೆ ತಿರುವಿ ಹಾಕು. 3-4 ತಿಂಗಳಿಗೆ ಮುಷ್ಟ್ಯಾಗ ಹಿಡದ್ರ ತಂಪಿರಬೇಕು, ಮಣ್ಣಿನ ವಾಸನಿ ಬರಬೇಕು. ಆಮ್ಯಾಲ ಸಸಿಗೆ ಒಂದು ಬುಟ್ಟಿ, ಸುತ್ತ ಬಳಿ ಹಾಕಿದಂಗ. ಕೊಡಿ ಇದ್ರ ಇರಲಿ, ಆದ್ರ ಹುಡುಗ್ರು ಬಾಯಿಗೆ ಹಾಕ್ಕೋಬಾರದು, ಪ್ಯಾಟಿ ಅಣಬಿ ಅಲ್ಲ ಅದು. ಹೆಂಡ್ಯಾಗ ಎದ್ದ ಕೊಡ್ಯಾಗ ವಿಷದ್ದೂ ಇರ್ತಾವು, ಬರೇ ನೋಡಿ ಗುರ್ತ ಹಿಡಿಯಾಕ ಬರೂದಿಲ್ಲ.